ಬುಚೋ ಹಾಡಿಗೊಂದು ಗಮಕ

ಹಾಡಲು ಬಾರದೆ ಮಾನ ಕಳೆದುಕೊಂಡವರು ಈ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಚೆನ್ನಾಗಿ ಹಾಡಿ ಸಂಸಾರ ಕಳೆದುಕೊಂಡವನು ನಾನೊಬ್ಬನೇ ಇರಬೇಕು. (ಕಳೆದುಕೊಂಡೆ ಎಂದರೆ ಹೆಂಡತಿ ಬಿಟ್ಟುಹೋದಳು ಎಂದು ತಿಳಿಯಬೇಡಿ. ಅವಳು ಇದ್ದಲ್ಲೇ ಸುಖವಾಗಿದ್ದಾಳೆ. ಎದ್ದು ಬಂದವನು ನಾನು.)

ನಾನು ಹರಿಹರ, ಮೈಸೂರಿನವನು. ಟೋಕಿಯೋದ ಕೋಟೋ ಪ್ರದೇಶದಲ್ಲಿ, ತೊಯೋಸು ಸ್ಟೇಷನ್ನಿನ ಹತ್ತಿರ, ಆಕಾಶಕ್ಕೆ ತಗುಲುವಂತಹ ಒಂದು ಕಟ್ಟಡದ ನಡುಮಧ್ಯದಲ್ಲೆಲ್ಲೋ ನಮ್ಮ ಫ್ಲಾಟು. ಹೆಂಡತಿ ವೇದವಲ್ಲಿ ಅಲ್ಲಿ ಕೂತೇ ಮೂರು ಖಂಡಗಳ ಮಕ್ಕಳಿಗೆ ಆನ್‌ಲೈನಿನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ. ಮಗಳು ಇಂಚರಾ ಅಲ್ಲಿಯ ಮಿಡ್ಲ್ ಸ್ಕೂಲಿನಲ್ಲಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಕೋಪ ಬಂದರೆ ಜಪಾನೀಸಿನಲ್ಲಿ. ನಾನು ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆಫೀಸಿನಲ್ಲಿ ಹರಿಹರ-ಸಾನ್ ಎನ್ನುವವರು ಅವಸರದಲ್ಲಿದ್ದರೆ ಹರಾಹರಾ-ಸಾನ್ ಎಂದುಬಿಡುತ್ತಾರೆ. ಜಪಾನೀಸಿನಲ್ಲಿ ಹರಾಹರಾ ಎಂದರೆ ಆತಂಕದಿಂದ ಎದೆ ಡವಡವ ಎನ್ನುವುದಂತೆ. ನಾನು ತಿದ್ದಲು ಹೋಗಿಲ್ಲ.

ಕಳೆದ ಶರತ್ಕಾಲದಲ್ಲಿ ಆಫೀಸಿನಲ್ಲಿ ಒಂದು ಗಾಳಿಮಾತು ಹುಟ್ಟಿತು. ನಮ್ಮ ವಿಭಾಗದಿಂದ ಒಬ್ಬರನ್ನು ಏಪ್ರಿಲ್‌ನಿಂದ ನಗೋಯಾದ ಕಾರಿನ ಸಾಫ್ಟ್‌ವೇರ್ ಮಾಡುವ ಅಂಗಸಂಸ್ಥೆಗೆ ಕಳಿಸುತ್ತಾರೆ ಎಂದು. ಜಪಾನಿನಲ್ಲಿ ಹೀಗೆ ವರ್ಗವಾದರೆ ಸಂಸಾರ ಕಟ್ಟಿಕೊಂಡು ಹೋಗುವುದಿಲ್ಲ. ಮಕ್ಕಳ ಸ್ಕೂಲು ಕೆಡುತ್ತದೆ ಎಂದು ಗಂಡಸು ಒಬ್ಬನೇ ಒಂದು ಸೂಟ್‌ಕೇಸ್ ಹಿಡಿದು ಹೋಗಿ ಕಂಪನಿಯ ವಸತಿಯಲ್ಲಿ ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ ಇಟ್ಟುಕೊಂಡು ವರ್ಷಗಟ್ಟಲೆ ಇರುತ್ತಾನೆ. ಇದಕ್ಕೆ ಇಲ್ಲಿ ಒಂದು ಹೆಸರೇ ಇದೆ, ಅಷ್ಟು ಸಾಮಾನ್ಯ. ಸರದಿಯಲ್ಲಿ ಇದ್ದವರು ಇಬ್ಬರು. ನಾನು, ಮತ್ತು ಹೊಸದಾಗಿ ಮದುವೆಯಾದ ಬೆಂಗಳೂರಿನ ಮಧುಕರ್.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಅಡುಗೆ ಬಾರದು ಎಂಬುದೊಂದೇ ಅಲ್ಲ. ಸಂಜೆ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲದ ಕೋಣೆ ಅದು. ಈ ನನ್ನ ಸಂಕಟವನ್ನು ಮನೆಯಲ್ಲಿ ನಿವೇದಿಸಿಕೊಂಡೆ. ವೇದವಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು.

"ನನ್ನನ್ನ ನಗೋಯಾಗೆ ಹಾಕ್ತಾರೇನೋ ವೇದಾ."

"ಯಾವಾಗಿಂದ?"

"ಏಪ್ರಿಲ್."

"ದಪ್ಪ ರಜಾಯಿಗಳನ್ನ ತಗೊಂಡ್ಹೋಗ್ಬಿಡಿ. ಇಲ್ಲಿ ಒಂದು ಬೀರು ಖಾಲಿ ಆಗುತ್ತೆ."

"ನಾನು ಒಬ್ಬನೇ ಇರ್ಬೇಕಾಗುತ್ತೆ ಕಣೆ."

"ಇಲ್ಲೇನು, ಫೋನ್ ಹಿಡ್ಕೊಂಡ್ ಮೂಲೇಲಿ ಕೂತ್ರೆ ಒಬ್ರೇ ಇದ್ದ ಹಾಗಲ್ವಾ," ಎಂದು ಅವಳು ಇನ್ನೊಂದು ಹಿಡಿ ಹುರುಳಿಕಾಯಿ ತೆಗೆದುಕೊಂಡಳು.

ಯಾರನ್ನು ಕಳಿಸಬೇಕು ಎಂದು ನಿರ್ಧರಿಸುವವರು ನಮ್ಮ ಬುಚೋ, ಅಂದರೆ ವಿಭಾಗದ ಮುಖ್ಯಸ್ಥರು, ಮುರಾಕೋಶಿ-ಸಾನ್. ನಿವೃತ್ತಿಗೆ ಹತ್ತಿರವಾದ, ನಗುವುದನ್ನು ಯಾವುದೋ ಕಾಲದಲ್ಲಿ ನಿಲ್ಲಿಸಿಬಿಟ್ಟಿದ್ದ ಮನುಷ್ಯ. ಎಲ್ಲರೂ ಅವರನ್ನು ಬುಚೋ ಎಂದೇ ಕರೆಯುತ್ತಾರೆ. ಅವರ ಮನಸ್ಸಿಗೆ ಹತ್ತಿರವಾಗುವುದು ಹೇಗೆ ಎಂದು ನಾನು ಚಿಂತಿಸುತ್ತಿರುವಾಗ ಮಧುಕರನೇ ಊಟದ ಹೊತ್ತಿನಲ್ಲಿ ದಾರಿ ತೋರಿಸಿದ.

"ಸರ್, ನಿಮ್ಗೆ ಗೊತ್ತಾ, ಬುಚೋಗೆ ಹಳೇ ಇಂಗ್ಲಿಷ್ ಹಾಡು ಅಂದ್ರೆ ಪ್ರಾಣ. ನೈನ್ಟೀನ್ ಸೆವೆಂಟಿ ಟು, ಸೆವೆಂಟಿ ತ್ರೀ, ಆ ಟೈಮಲ್ಲಿ ಇಂಗ್ಲೆಂಡಲ್ಲಿ ಯಾವ್ ಯಾವ್ ರೆಕಾರ್ಡ್ ಜಾಸ್ತಿ ಸೇಲ್ ಆಯ್ತೋ ಎಲ್ಲಾ ಇಟ್ಕೊಂಡಿದಾರಂತೆ. ಬೊನೆನ್‌ಕಾಯಲ್ಲಿ ಪ್ರತಿ ವರ್ಷ ಅದ್ರಲ್ಲಿ ಒಂದು ಹಾಡ್ತಾರೆ. ಒಂದೇ ಹಾಡು."

ಬೊನೆನ್‌ಕಾಯ್ ಎಂದರೆ ವರ್ಷವನ್ನು ಮರೆಯಲು ಆಫೀಸಿನವರೆಲ್ಲ ಸೇರಿ ಡಿಸೆಂಬರಿನಲ್ಲಿ ಮಾಡುವ ಪಾರ್ಟಿ. ಮೊದಲು ಊಟ, ಆಮೇಲೆ ಕರಾವೋಕೆ. ನಾನು ಪ್ರತಿ ವರ್ಷ ಊಟ ಮುಗಿಸಿ ಮನೆಗೆ ಓಡಿಬರುವವನು, ಆದ್ದರಿಂದ ಬುಚೋ ಹಾಡನ್ನು ಕೇಳಿಯೇ ಇರಲಿಲ್ಲ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ದಿವ್ಯ ಜ್ಞಾನೋದಯವಾಯಿತು. ಈ ಸಲ ನಾನು ಹಾಡುತ್ತೇನೆ, ಬುಚೋ ಕರಗುತ್ತಾರೆ, ನಗೋಯಾಗೆ ಮಧುಕರ್ ಹೋಗುತ್ತಾನೆ. (ಮಾಹಿತಿ ಕೊಟ್ಟವನನ್ನೇ ಬಲಿ ಕೊಡುವುದು ಸರಿಯೇ ಎಂದು ಕೇಳಬೇಡಿ. ಅವನಿಗೆ ಅಡುಗೆ ಬರುತ್ತದೆ.)

ಅಂದಿನಿಂದ ಸಬ್‌ವೇಯಲ್ಲಿ ಹೋಗುವಾಗ ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಕಾಲದ ಬ್ರಿಟಿಷ್ ಹಾಡುಗಳ ಅಧ್ಯಯನಕ್ಕೆ ತೊಡಗಿದೆ. ಹಾಡಿದವರ ಚಿತ್ರಗಳನ್ನು ನೋಡಿ ಮೊದಲು ಗಾಬರಿಯಾಯಿತು. ಕೆನ್ನೆಗೆಲ್ಲ ಮಿನುಗುಪುಡಿ, ಮೈಗೆ ಜರಿಯ ಬಟ್ಟೆ, ಗೇಣುದ್ದ ಹಿಮ್ಮಡಿಯ ಬೂಟು, ಅದರ ಮೇಲೆ ಗಡ್ಡ ಬಿಟ್ಟ ಗಂಡಸರು. ಒಂದು ಬಗೆಯ ಹಾಡಿನಲ್ಲಿ ನೆಲ ಕುಟ್ಟುತ್ತಾ ಎಲ್ಲರನ್ನೂ ಕುಣಿಯಲು ಕರೆಯುತ್ತಾರೆ. ಇನ್ನೊಂದು ಬಗೆಯಲ್ಲಿ ಹುಡುಗಿ ಬಿಟ್ಟುಹೋಗಿರುತ್ತಾಳೆ, ಪಿಟೀಲುಗಳು ಅಳುತ್ತವೆ. ಈ ಎರಡು ಬಿಟ್ಟರೆ ಮೂರನೆಯ ವಿಷಯ ಅಪರೂಪ. ಆ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಗಣಿ ಕಾರ್ಮಿಕರ ಮುಷ್ಕರವಾಗಿ, ಕರೆಂಟು ಹೋಗಿ, ಜನ ಮನೆಗಳಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದರು ಎಂದು ಎಲ್ಲೋ ಓದಿದೆ. ಆಗ ನನಗೆ ಅರ್ಥವಾಯಿತು. ಕತ್ತಲಲ್ಲಿ ಕೂತವರು ಹೊಳೆಯುವುದನ್ನೇ ಕೊಳ್ಳುತ್ತಾರೆ. ನನಗೂ ಆ ಹಾಡುಗಳು ನಿಧಾನಕ್ಕೆ ಹಿಡಿಸತೊಡಗಿದವು, ಯಾಕೆಂದರೆ ನಾನೂ ಕತ್ತಲಲ್ಲೇ ಇದ್ದೆ.

ಯಾವ ಹಾಡು ಹಾಡಬೇಕು ಎಂಬುದನ್ನು ವೇದವಲ್ಲಿಯ ಹತ್ತಿರ ಚರ್ಚಿಸಿದೆ. ಅದೇ ನನ್ನ ತಪ್ಪು.

"ಅವರಿಗೆ ಯಾವ್ದು ಇಷ್ಟವೋ ಅದನ್ನೇ ಹಾಡಿ," ಅಂದಳು. "ನಮ್ಮ ಗುರುಗಳ ಮುಂದೆ ನಾವು ಅವರಿಗೆ ಪ್ರಿಯವಾದ ಕೃತಿನೇ ಹಾಡ್ತಿದ್ದಿದ್ದು. ಅವರು ಕಣ್ಮುಚ್ಕೊಂಡ್ ಕೇಳೋರು. ಅದೇ ಮರ್ಯಾದೆ."

ಇದು ನನಗೂ ಸರಿ ಎನಿಸಿತು. ಮಧುಕರನಿಂದ ಹಾಡಿನ ಹೆಸರು ತಿಳಿದುಕೊಂಡೆ. (ಹೆಸರನ್ನು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವು ಗುನುಗಲು ಶುರು ಮಾಡುತ್ತೀರಿ, ನನಗೆ ಸಹಿಸುವುದಕ್ಕೆ ಆಗುವುದಿಲ್ಲ.) ಪಿಟೀಲು ಅಳುವ ಜಾತಿಯ ಹಾಡು. ಆ ಸಂಜೆಯಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ಲಿಫ್ಟಿನ ಒಳಗೆ ಕಟ್ಟಡದ ಮೇಲ್ವಿಚಾರಕರ ಸೂಚನೆಯೊಂದು ಕಾಣಿಸಿತು. ಸಂಜೆಯ ವೇಳೆ ಯಾರೋ ನೋವಿನಲ್ಲಿರುವಂತಹ ಧ್ವನಿ ಕೇಳಿಬರುತ್ತಿದೆ, ಸಹಾಯ ಬೇಕಿದ್ದವರು ಸಂಕೋಚವಿಲ್ಲದೆ ತಿಳಿಸಬೇಕು ಎಂದು ಬಹಳ ವಿನಯವಾಗಿ ಬರೆದಿದ್ದರು. ಅಂದಿನಿಂದ ವೇದವಲ್ಲಿ ನನ್ನನ್ನು ಹಾಸಿಗೆ ಇಡುವ ಬೀರುವಿನೊಳಗೆ ಕೂರಿಸಿ, ಮೇಲೆ ರಜಾಯಿ ಹೊದಿಸಿ, ಬಾಗಿಲನ್ನು ಗಾಳಿ ಆಡುವಷ್ಟು ಮಾತ್ರ ತೆರೆದು, ಹೊರಗಿನಿಂದ ಪಾಠ ಹೇಳತೊಡಗಿದಳು.

"ರೀ, ಸ್ವರನ ಹೀಗೆ ಗೋಡೆಗೆ ಮೊಳೆ ಹೊಡ್ದ ಹಾಗೆ ನಿಲ್ಲಿಸ್ತಾರಾ? ಸ್ವಲ್ಪ ಆಡ್ಸಿ."

"ಇದು ಇಂಗ್ಲಿಷ್ ಹಾಡು ಕಣೆ, ಆಡ್ಸಬಾರ್ದು," ಎಂದು ರಜಾಯಿಯೊಳಗಿನಿಂದ ಹೇಳಿದೆ.

"ಶಂಕರಾಭರಣ ಶಂಕರಾಭರಣನೇ. ಇಂಗ್ಲೆಂಡಲ್ಲಿದ್ರೇನು, ನಂಜನಗೂಡಲ್ಲಿದ್ರೇನು? ಎಲ್ಲಿ, ಗಾಂಧಾರಕ್ಕೆ ಗಮಕ ಕೊಡಿ."

"ಅವನ ಹುಡುಗಿ ಬಿಟ್ಟುಹೋಗಿದಾಳೆ ವೇದಾ. ಗಮಕ ಕೊಡೋ ಸ್ಥಿತೀಲಿಲ್ಲ ಅವನು."

"ಗಮಕ ಕೊಟ್ಟಿದ್ರೆ ಹೋಗ್ತಿರ್ಲಿಲ್ಲ. ಹಾಡಿ."

ಹೀಗೆ ಬೀರುವಿನೊಳಗೆ ಬೆವರುತ್ತಾ ಲಂಡನ್ನಿನ ವಿರಹವನ್ನು ಮೈಸೂರಿನ ಪದ್ಧತಿಯಲ್ಲಿ ಸಾಧಿಸಿದೆ. ಅನುಪಲ್ಲವಿ ಇಲ್ಲದ್ದೂ ಒಂದು ಹಾಡೇ? ಎಂದು ಅವಳು ಕೊನೆಯವರೆಗೂ ಗೊಣಗುತ್ತಿದ್ದಳು.

ಬೊನೆನ್‌ಕಾಯ್ ಬಂತು. ಊಟವಾದ ಮೇಲೆ ಎಲ್ಲರೂ ಶಿಂಬಾಶಿಯ ಒಂದು ಕರಾವೋಕೆಯ ಪುಟ್ಟ ಕೋಣೆಯಲ್ಲಿ ಒತ್ತೊತ್ತಾಗಿ ಕೂತೆವು. ಕಿರಿಯರು ಟ್ಯಾಂಬೊರಿನ್ ಅಲ್ಲಾಡಿಸುತ್ತಿದ್ದರು. ಒಬ್ಬೊಬ್ಬರು ಹಾಡಿದ ಹಾಗೆ ಯಂತ್ರ ಪರದೆಯ ಮೇಲೆ ಅಂಕ ಕೊಡುತ್ತಿತ್ತು. ಬುಚೋ ಮೂಲೆಯಲ್ಲಿ ಗ್ಲಾಸು ಹಿಡಿದು ಎಂದಿನಂತೆ ಸುಮ್ಮನೆ ಕೂತಿದ್ದರು. ಅವರು ಹಾಡುವುದು ಎಲ್ಲರೂ ಮುಗಿಸಿದ ಮೇಲೆ, ಕೊನೆಗೆ. ನನ್ನ ಸರದಿ ಬಂದಾಗ ಯಂತ್ರದಲ್ಲಿ ಆ ಹಾಡನ್ನು ಒತ್ತಿದೆ. ಮುನ್ನುಡಿಯ ಪಿಟೀಲು ಕೇಳಿಸಿದ್ದೇ ತಡ, ಟ್ಯಾಂಬೊರಿನ್ ನಿಂತಿತು. ನನ್ನ ಗೌರವಾರ್ಥ ಮೌನ ಎಂದು ತಿಳಿದು ನಾನು ಕಣ್ಣು ಮುಚ್ಚಿದೆ.

ಹಾಡಿದೆ ನೋಡಿ. ಗಾಂಧಾರ ಆಡಿತು, ನಿಷಾದ ನಡುಗಿತು, ಬಿಟ್ಟುಹೋದ ಹುಡುಗಿ ಎಲ್ಲೇ ಇದ್ದರೂ ಒಮ್ಮೆ ಹಿಂತಿರುಗಿ ನೋಡಿರಬೇಕು. ಈ ಯಂತ್ರಗಳಲ್ಲಿ ಕೊಬುಶಿ ಎಂದು ಒಂದು ಲೆಕ್ಕವಿದೆ. ಸ್ವರವನ್ನು ಬಳುಕಿಸಿ ಹಾಡಿದಷ್ಟೂ ಅಂಕ. ನಮ್ಮ ಗಮಕಕ್ಕೆ ದೂರದ ಸಂಬಂಧ ಇರಬೇಕು. ನಾನು ಮುಗಿಸಿದಾಗ ಪರದೆಯ ಮೇಲೆ ಪಟಾಕಿ ಸಿಡಿದು ತೊಂಬತ್ತೇಳು ಎಂದು ಬಂತು. ಆ ಕೋಣೆಯಲ್ಲಿ ಯಾರೂ ಕಂಡಿರದ ಅಂಕ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಮೈಕು ಬುಚೋ ಕೈಗೆ ಬಂದಾಗ ಅವರು ಅದನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

"ಈ ದಿನ ನನ್ನ ಗಂಟಲು ಸರಿಯಿಲ್ಲ," ಎಂದರು ಜಪಾನೀಸಿನಲ್ಲಿ. ಕೋಟು ಹಾಕಿಕೊಂಡು, ಎಲ್ಲರಿಗೂ ತಲೆಬಾಗಿಸಿ ಹೊರಟುಹೋದರು.

ಮರುದಿನ ತಿಂಡಿಯ ಹೊತ್ತಿಗೆ ಇದನ್ನು ಮನೆಯಲ್ಲಿ ವರ್ಣಿಸುತ್ತಿದ್ದಾಗ, ಇಂಚರಾ ದೋಸೆ ಬಿಟ್ಟು ತಲೆ ಎತ್ತಿದಳು.

"ವೇಟ್. ಅಪ್ಪಾ, ನೀನು ಬುಚೋದು ಜುಹಾಚಿಬಾನ್ ಹಾಡಿದ್ಯಾ?"

"ಹಾಗಂದ್ರೇನು?"

"ಅವರ ಓನ್ ಸಾಂಗ್. ಎವ್ರಿಬಡಿ ಹ್ಯಾಸ್ ಒನ್. ಬೇರೆಯವರು ಅದನ್ನ ಹಾಡಬಾರ್ದು. ಬಾಸ್‌ದಂತೂ ನೆವರ್. ಮತ್ತೆ ಅವರ ಮುಂದೆ ನೈಂಟಿ ಸೆವೆನ್ ತಗೊಂಡ್ಯಾ?" ಆಮೇಲೆ ಅವಳು ಜಪಾನೀಸಿಗೆ ಹೊರಳಿದಳು. ಅದರಲ್ಲಿ ನನಗೆ ಅರ್ಥವಾದದ್ದು 'ನಂಬೋಕಾಗಲ್ಲ' ಎಂಬುದೊಂದೇ.

"ಮೊದ್ಲೇ ಯಾಕ್ ಹೇಳ್ಲಿಲ್ಲ ಮಗು? ತಿಂಗಳಿಂದ ಬೀರುವಿನಲ್ಲಿ ಕೂತು ಹಾಡ್ತಿದೀನಿ."

"ಯೂ ಡಿಡ್ಂಟ್ ಆಸ್ಕ್. ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ."

ನಾನು ವೇದವಲ್ಲಿಯ ಕಡೆ ತಿರುಗಿದೆ. "ಗುರುಗಳಿಗೆ ಪ್ರಿಯವಾದ ಕೃತಿ ಅಂದ್ಯಲ್ಲ."

"ನಮ್ಮ ಗುರುಗಳು ಮಷೀನ್ ಇಟ್ಟು ಮಾರ್ಕ್ಸ್ ಕೊಡ್ತಿರ್ಲಿಲ್ಲ," ಎಂದು ಅವಳು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಅದನ್ನು ತಟ್ಟೆಯಲ್ಲೇ ಬಿಟ್ಟೆ. ನಗೋಯಾದ ಆ ಒಂದು ಕಿಟಕಿಯ ಕೋಣೆ ನನ್ನ ಕಣ್ಣ ಮುಂದೆಯೇ ಇತ್ತು.

ಹೊಸ ವರ್ಷದ ರಜೆಯೆಲ್ಲ ಸೂತಕದ ಮನೆಯಲ್ಲಿದ್ದಂತೆ ಕಳೆಯಿತು. ಆಫೀಸು ತೆರೆದಾಗ ವೇದವಲ್ಲಿ ಮಾಡಿಕೊಟ್ಟ ಕೊಬ್ಬರಿಮಿಠಾಯಿಯನ್ನು ಚೆಂದದ ಡಬ್ಬಿಯಲ್ಲಿ ಹಾಕಿಕೊಂಡು ಬುಚೋ ಮೇಜಿನ ಮುಂದೆ ನಿಂತು, ಸೊಂಟ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ಬಗ್ಗಿದ್ದವನು ಏಳಲೇ ಇಲ್ಲ. ಭಯದಿಂದ ಸ್ವಲ್ಪ, ಸೊಂಟ ಹಿಡಿದುಕೊಂಡದ್ದರಿಂದ ಸ್ವಲ್ಪ.

ತಲೆಯ ಮೇಲಿನಿಂದ ಬುಚೋ ದನಿ ಕೇಳಿಸಿತು. "ಹರಿಹರ-ಸಾನ್, ಶುಕ್ರವಾರ ಸಂಜೆ ನಿಮಗೆ ಬಿಡುವಿದೆಯೇ?"

ಶುಕ್ರವಾರ ಅದೇ ಶಿಂಬಾಶಿ, ಅದೇ ಕೋಣೆ, ನಾವಿಬ್ಬರೇ. ನನ್ನನ್ನು ಏಕಾಂತದಲ್ಲಿ ಬೈಯಲು ಕರೆತಂದಿದ್ದಾರೆ ಎಂದುಕೊಂಡೆ. ಬುಚೋ ಯಂತ್ರದ ಸದ್ದು ತಗ್ಗಿಸಿದರು. ಆಮೇಲೆ ಹೇಳಿದರು. ಅವರಿಗೊಬ್ಬ ಅಣ್ಣನಿದ್ದ. ಸಂಬಳ ಬಂದಾಗಲೆಲ್ಲ ಒಂದು ಬ್ರಿಟಿಷ್ ರೆಕಾರ್ಡ್ ತರುತ್ತಿದ್ದ. ಪಕ್ಕದ ಕೋಣೆಯಲ್ಲಿ ಅವನು ಹಾಕಿದ್ದನ್ನು ಬುಚೋ ಕಾಗದದ ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ರೆಕಾರ್ಡುಗಳು ಉಳಿದವು.

"ಆಫೀಸಿನಲ್ಲಿ ಎಷ್ಟೋ ವರ್ಷದಿಂದ ಆ ಹಾಡು ಹಾಡುತ್ತಿದ್ದೇನೆ. ನಾನು ಬುಚೋ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಾಡನ್ನು ಯಾರೂ ಕೇಳುವುದಿಲ್ಲ. ಆ ದಿನ ನೀವು ಹಾಡಿದಾಗ ಬಹಳ ಕಾಲದ ಮೇಲೆ ನಾನೇ ಅದನ್ನು ಕೇಳಿದೆ. ಕೋಪದಿಂದ ಎದ್ದು ಹೋದದ್ದಲ್ಲ. ಎಲ್ಲರ ಮುಂದೆ ಅಳುವ ಹಾಗಿರಲಿಲ್ಲ." ಆಮೇಲೆ ಅವರು ಕನ್ನಡಕ ಒರೆಸಿಕೊಂಡು, "ಸ್ವರ ಹಾಗೆ ನಡುಗುತ್ತದಲ್ಲ, ಅದನ್ನು ನನಗೆ ಕಲಿಸುತ್ತೀರಾ?" ಎಂದರು.

ಕಲಿಸುತ್ತೇನೆ ಎಂದೆ, ಮನಸಾರೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಮಾತಿನ ಅಡಿಯಲ್ಲಿ ಒಂದು ಸಣ್ಣ ದನಿ 'ಗೆದ್ದೆ ಹರಿಹರ, ಗೆದ್ದೆ' ಎನ್ನುತ್ತಿತ್ತು. ಅಂದಿನಿಂದ ಪ್ರತಿ ಶುಕ್ರವಾರ ನಮ್ಮ ಸಂಗೀತಾಭ್ಯಾಸ. ವೇದವಲ್ಲಿ ನನಗೆ ಹೇಳಿದ್ದನ್ನು ನಾನು ಬುಚೋಗೆ ಹೇಳುವುದು. ನೆಲ ಕುಟ್ಟುವ ಹಾಡುಗಳಿಗೂ ಗಮಕ ಹಚ್ಚಿದೆವು. ಬುಚೋ ಒಂದೆರಡು ಸಲ ನಕ್ಕದ್ದನ್ನು ನೋಡಿ ಕರಾವೋಕೆಯ ಹುಡುಗಿ ಬೆಚ್ಚಿಬಿದ್ದಳು. ಆಫೀಸಿನಲ್ಲಿ ಮಧುಕರ್ ಕಳೆಗುಂದಿದ ಮುಖ ಮಾಡಿಕೊಂಡು ಓಡಾಡುತ್ತಿದ್ದ. ನಾನು ದೊಡ್ಡ ಮನಸ್ಸು ಮಾಡಿ ನಗೋಯಾದ ಹವೆ ಬಹಳ ಚೆನ್ನಾಗಿದೆಯಂತೆ ಎಂದು ಅವನಿಗೆ ಸಮಾಧಾನ ಹೇಳಿದೆ.

ಮಾರ್ಚಿನಲ್ಲಿ ಒಂದು ಸಂಜೆ ಬುಚೋ ನನ್ನನ್ನು ಮೀಟಿಂಗ್ ರೂಮಿಗೆ ಕರೆದರು. ಬಾಗಿಲು ಹಾಕಿದರು. ಅವರ ಮುಖದಲ್ಲಿ ನಾಚಿಕೆಯಂತಹ ಸಂತೋಷವಿತ್ತು.

"ಹರಿಹರ-ಸಾನ್, ಏಪ್ರಿಲ್‌ನಿಂದ ನಾನು ನಗೋಯಾಗೆ ಹೋಗುತ್ತಿದ್ದೇನೆ. ನಿವೃತ್ತಿಗೆ ಮುಂಚೆ ನನ್ನಂತಹವರನ್ನು ಹೀಗೆ ಅಂಗಸಂಸ್ಥೆಗೆ ಕಳಿಸುವುದು ವಾಡಿಕೆ. ಬೇಸರವಾಗಿತ್ತು. ಜೊತೆಗೆ ಬರುವ ಒಬ್ಬರು ಯಾರಾಗಬೇಕು ಎಂದು ನನ್ನನ್ನೇ ಕೇಳಿದರು. ಮೊದಲು ಮಧುಕರ್-ಸಾನ್ ಹೆಸರು ಬರೆದಿದ್ದೆ. ಡಿಸೆಂಬರಿನ ಆ ಸಂಜೆಯ ಮೇಲೆ ಅದನ್ನು ಹೊಡೆದುಹಾಕಿದೆ." ಅವರು ಎದ್ದು ನಿಂತು ನನಗೆ ತಲೆಬಾಗಿಸಿದರು. "ಇನ್ನು ಮುಂದೆ ಶುಕ್ರವಾರಕ್ಕೆ ಕಾಯಬೇಕಾಗಿಲ್ಲ. ದಿನವೂ ಹಾಡಬಹುದು."

ಬುಚೋ ತಲೆಬಾಗಿಸಿದಾಗ ಆಗುವುದಿಲ್ಲ ಎನ್ನುವ ಮಾತು ಆ ಭಾಷೆಯಲ್ಲಿ ಇದೆಯೋ ಇಲ್ಲವೋ, ನನಗೆ ಯಾರೂ ಕಲಿಸಿರಲಿಲ್ಲ. ಅರಿಗಾತೋ ಗೊಝಾಯಿಮಾಸ್, ಬಹಳ ಧನ್ಯವಾದ, ಎಂದು ನಾನೂ ಬಗ್ಗಿದೆ.

ಮನೆಯಲ್ಲಿ ಹೇಳಿದಾಗ ಸ್ವಲ್ಪವಾದರೂ ಕಣ್ಣೀರು ಬರಬಹುದು ಎಂದು ನಿರೀಕ್ಷಿಸಿದ್ದೆ. ವೇದವಲ್ಲಿ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟಳು. "ನಾನು ಗಮಕ ಹೇಳ್ಕೊಡದೇ ಇದ್ದಿದ್ರೆ ಆಗ್ತಿತ್ತು," ಎಂದು ಮೆಲ್ಲಗೆ ಅಂದಳು. ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ಅವಳ ಸಿಂಗಪುರದ ಶಿಷ್ಯೆ ಸ್ಕ್ರೀನಿನ ಮೇಲೆ ಬಂದಳು, ವೇದವಲ್ಲಿ ತಂಬೂರಿ ಆ್ಯಪ್ ಹಚ್ಚಿದಳು. ಸ್ಟೇಷನ್ನಿಗೆ ಬೀಳ್ಕೊಡಲು ಬಂದವನು ಮಧುಕರ್. ಪಾಪ, ಅವನ ಕಣ್ಣಲ್ಲಿ ಮಾತ್ರ ನೀರಿತ್ತು. ಅದು ಆನಂದಬಾಷ್ಪ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ನಾನು ನಗೋಯಾದಲ್ಲಿದ್ದೇನೆ. ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ. ಕಿಟಕಿ ತೆರೆದರೆ ಪಾರ್ಕಿಂಗ್ ಕಾಣುತ್ತದೆ. ಪಕ್ಕದ ಕೋಣೆ ಬುಚೋರದು, ಅವರ ಹೆಂಡತಿಯೂ ಟೋಕಿಯೋದಲ್ಲೇ ಉಳಿದಿದ್ದಾರೆ. ಸಂಜೆ ಹೊತ್ತು ವೇದವಲ್ಲಿಗೆ ಎರಡು ಕ್ಲಾಸುಗಳ ನಡುವೆ ಅರ್ಧ ಗಂಟೆ ಬಿಡುವು. ಆ ಅರ್ಧ ಗಂಟೆ ನನ್ನ ಫೋನಿಗೆ ಮೀಸಲಾಗಿತ್ತು. ಇಡೀ ದಿನ ನಾನು ಅದಕ್ಕಾಗಿ ಕಾಯುತ್ತಿದ್ದೆ. ಮಾತು ಏನೂ ಇರುತ್ತಿರಲಿಲ್ಲ, ಗ್ಯಾಸ್ ಬಿಲ್ ಬಂತಾ, ಇಂಚರಾ ತಿಂದಳಾ, ಅಷ್ಟೇ. ಆದರೂ ಅದು ಇತ್ತು.

ಒಂದು ಸಂಜೆ ನಾವು ಹಾಗೆ ಮಾತಾಡುತ್ತಿರುವಾಗ ಗೋಡೆಯ ಆಚೆಯಿಂದ ಹಾಡು ಕೇಳಿಸಿತು. ವೇದವಲ್ಲಿ ಮಾತು ನಿಲ್ಲಿಸಿದಳು.

"ಯಾರ್ರೀ ಅದು ಹಾಡ್ತಿರೋದು?"

"ಇನ್ಯಾರು, ಬುಚೋ."

"ಶ್ರುತಿ ಎಷ್ಟು ಗಟ್ಟಿಯಾಗಿದೆ ಅವರದು. ನಿಮ್ಮ ಹಾಗೆ ಜಾರಲ್ಲ. ಧೈವತಕ್ಕೆ ಮಾತ್ರ ನೀವು ತಪ್ಪು ಹೇಳ್ಕೊಟ್ಟಿದೀರ. ಸ್ವಲ್ಪ ಫೋನ್ ಕೊಡಿ ಅವರಿಗೆ."

"ಈಗ ನಾನು ಮಾತಾಡ್ತಿದೀನಲ್ಲ ವೇದಾ."

"ನೀವು ಎಲ್ಲಿ ಹೋಗ್ತೀರ. ಕೊಡಿ ಅಂದ್ರೆ."

ಕೊಟ್ಟೆ. ಇಂಗ್ಲಿಷು, ಅರ್ಧ ಜಪಾನೀಸು, ಮಿಕ್ಕಿದ್ದು ಸರಿಗಮದಲ್ಲಿ ಅವರು ಮಾತಾಡಿಕೊಂಡರು. ಬುಚೋ ಅವಳ ಶಿಷ್ಯರಾದರು. ಪಾಠಕ್ಕೆ ಅವಳಿಗೆ ಬಿಡುವಿದ್ದದ್ದು ಅದೊಂದೇ ಅರ್ಧ ಗಂಟೆ.

ಆದ್ದರಿಂದ ಈಗ ಸಂಜೆಯಾದರೆ ನಾನು ಕೊಂಬಿನಿ ಎಂಬ ಮೂಲೆಯಂಗಡಿಯಿಂದ ತಂದ ಅನ್ನದ ಉಂಡೆಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಕೂರುತ್ತೇನೆ. ಆ ಕಡೆಯಿಂದ ನನ್ನ ಹೆಂಡತಿಯ ದನಿ ಕೇಳುತ್ತದೆ. "ವೆರಿ ಗುಡ್ ಮುರಾಕೋಶಿ-ಸಾನ್, ಒನ್ಸ್ ಮೋರ್," ಎನ್ನುತ್ತಾಳೆ. ಬೀರುವಿನಲ್ಲಿದ್ದಾಗ ನನಗೆ ಒಮ್ಮೆಯೂ ವೆರಿ ಗುಡ್ ಸಿಕ್ಕಿರಲಿಲ್ಲ. ಮೊನ್ನೆ ಪಾಠ ಮುಗಿದ ಮೇಲೆ ಬುಚೋ ನನ್ನ ಬಾಗಿಲು ತಟ್ಟಿದರು. ತಲೆಬಾಗಿಸಿ, ನಿಮ್ಮ ಮನೆಯವರು ನಿಮ್ಮ ಊಟವಾಯಿತೇ ಎಂದು ಕೇಳಿದ್ದಾರೆ, ನಾಳೆಯ ಪಾಠದಲ್ಲಿ ನಾನು ಉತ್ತರ ತಿಳಿಸಬೇಕು, ಎಂದರು.

ಉಂಡೆ ಇನ್ನೂ ಕೈಯಲ್ಲೇ ಇತ್ತು. ಆಗಿಲ್ಲ, ಒಬ್ಬನೇ ಕೂತು ತಿನ್ನಲು ಮನಸ್ಸು ಬರುವುದಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಅಷ್ಟನ್ನೆಲ್ಲ ಬುಚೋ ಬಾಯಲ್ಲಿ ಹೆಂಡತಿಗೆ ಹೇಳಿಸುವುದು ಹೇಗೆ? ಆಯಿತು ಎಂದು ತಿಳಿಸಿ, ಅಂದೆ.